ಹಳೆಯ ಸಾಯಕಲ್ಲೂ ಹೊಸ ಬ್ರೇಕೂ

ಈ ಲೇಖದ ತಲೆಬರಹವನ್ನು ಓದಿ ನಮ್ಮ ಮಾಸಪತ್ರಿಕೆಯ ವಾಚಕರಲ್ಲಿ ಕೆಲವರು ನಕ್ಕಾರು. ಹುಡುಗತನದಲ್ಲಿ ಪಾಠಶಾಲೆಯ ಚಾಪೆಯ ಮೇಲೆ ಕುಳಿತು ಶಬ್ದರೂಪಾವಳಿಯನ್ನೂ ಅಮರವನ್ನೂ ಉರುಹೊಡೆದವನು, ತರುವಾಯ ಮೂವತ್ತೆರಡು ವರ್ಷ ಖಾನಾಪುರ ತಾಲೂಕಿನ ಶಾಲೆಗಳಲ್ಲಿ ಸಂಸ್ಕೃತ ಕನ್ನಡಗಳನ್ನು ಕಲಿಸಿ ನಿವೃತ್ತನಾದವನು, ಈ ಇಳಿವಯಸ್ಸಿನಲ್ಲಿ ಸಾಯಕಲ್ಲಿನ ಬ್ರೇಕಿನ ವಿಚಾರವನ್ನು ಬರೆಯಹೊರಡುವದು ಅಧಿಕಪ್ರಸಂಗವೆಂದು ಅವರಿಗೆ ತೋರಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಬುದ್ಧಿಯು ಯಾವ ಬಾಗಿಲಿನಿಂದ ಬರಬೇಕೆಂಬದನ್ನು ಮನುಷ್ಯನು ತಾನೇ ಗೊತ್ತುಮಾಡಲಾರನು. ನನಗೆ ಅರುವತ್ತೈದು ದಾಟಿದ ಮೇಲೆ ಬಂದ ಒಂದಿಷ್ಟು ಬುದ್ಧಿಯು ಮೊಮ್ಮಗನ ಎಲುಬು ಮುರಿದುದರಿಂದ ಬಂದಿತು. ಆದುದನ್ನು ಆದಂತೆ ಹೇಳುವೆನು. ಸಾರಾಸಾರವನ್ನು ವಾಚಕರೇ ವಿಚಾರಿಸಲಿ.

ಖಾನಾಪುರದ ಮಳೆಗಾಲವನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಬೆಳಗಾವಿಯಿಂದ ದಕ್ಷಿಣಕ್ಕೆ ಇಪ್ಪತ್ತಾರು ಕಿಲೋಮೀಟರಿನಷ್ಟು ಬಂದರೆ ನಮ್ಮೂರು. ಅಲ್ಲಿಂದ ಪಶ್ಚಿಮಕ್ಕೆ ಜಾಂಬೋಟಿ, ಕಣಕುಂಬಿಗಳ ಕಡೆಗೆ ಹೊರಟರೆ ಸಹ್ಯಾದ್ರಿಯ ಸೆರಗು. ಮಲಪ್ರಭೆಯು ಹುಟ್ಟುವದು ಆ ಕಣಕುಂಬಿಯಲ್ಲಿಯೇ. ಮಿರಗದ ಮಳೆ ಹಿಡಿಯಿತೆಂದರೆ ಆರಿದ್ರೆ, ಪುನರ್ವಸು, ಪುಷ್ಯಗಳು ಮುಗಿಯುವ ವರೆಗೆ ಹೆಂಚಿನ ಮೇಲಿನ ಸಪ್ಪಳ ನಿಲ್ಲುವದಿಲ್ಲ. ಬಟ್ಟೆ ಒಣಗವು, ಕಡ್ಡಿಪೆಟ್ಟಿಗೆ ಹತ್ತದು, ಪುಸ್ತಕಗಳ ರಟ್ಟಿಗೆ ಬೂಷ್ಟು ಬರುವದು. ದಾರಿಗಳ ಮೇಲೆ ಕೆಂಪು ಜಂಬಿಟ್ಟಿಗೆಯ ಮಣ್ಣು ಕರಗಿ ಹರಿಯುವದು. ಈ ಕೆಂಪು ನೀರೇ ನನ್ನ ಕಥೆಯ ಮೊದಲನೆಯ ಪಾತ್ರವು.

ಎರಡನೆಯ ಪಾತ್ರವು ಒಂದು ಸಾಯಕಲ್ಲು. 2003ರಲ್ಲಿ ನನ್ನ ಮಗನು ಕಾಲೇಜಿಗೆ ಹೋಗತೊಡಗಿದಾಗ ಬೆಳಗಾವಿಯ ಒಂದು ಗಲ್ಲಿಯ ಅಂಗಡಿಯಿಂದ ಕೊಂಡುತಂದದ್ದು. ನಮ್ಮ ಕಾಲದ ಉದ್ದ ಕಂಬಿಯ ಕರೀ ಸಾಯಕಲ್ಲಲ್ಲ. ದಪ್ಪ ಟೈರಿನ, ಇಪ್ಪತ್ತಾರು ಇಂಚಿನ ಗಾಲಿಗಳ, ಹದಿನೆಂಟು ಗೇರಿನ, ಉಕ್ಕಿನ ಚೌಕಟ್ಟಿನ ‘ಬೆಟ್ಟದ ಸಾಯಕಲ್ಲು’. ಅಂದಿನ ನನ್ನ ಸಂಬಳಕ್ಕೆ ಅದು ಭಾರವಾದ ಖರ್ಚೇ ಆಗಿತ್ತು. ಮಗನು ಓದಿ ಪುಣೆಗೆ ಹೋದ ಮೇಲೆ ಅದು ಪಡಸಾಲೆಯ ತೊಲೆಗೆ ಹಗ್ಗದಿಂದ ತೂಗಿಕೊಂಡು, ನನ್ನ ಹರಕು ಧೋತರವನ್ನು ಹೊದ್ದುಕೊಂಡು ಅನೇಕ ವರ್ಷ ನಿದ್ರಿಸಿತು. 2022ರಲ್ಲಿ ಮಗಳ ಮಗನು ಅದನ್ನು ಇಳಿಸಿ, ಒರೆಸಿ, ಹೊಸ ಟೈರುಗಳನ್ನು ಹಾಕಿಸಿ ಏರಿದನು. ಬೆಳಗಾವಿಯ ಟಿಳಕವಾಡಿಯಲ್ಲಿ ಅವನ ಮನೆ. ಶನಿವಾರ ಬಂದಿತೆಂದರೆ ಖಾನಾಪುರಕ್ಕೆ ಬಂದು ಜಾಂಬೋಟಿಯ ಕಾಡುದಾರಿಗಳನ್ನು ತಿರುಗುವದು ಅವನ ಚಟ. ನಾನು ಕೊಡಿಸಿದ ವಸ್ತುವು ಎರಡನೆಯ ತಲೆಮಾರಿಗೂ ಸಂದಿತೆಂದು ನನಗೆ ಒಳಗೊಳಗೇ ಹೆಮ್ಮೆ.

2023ರ ದೀಪಾವಳಿಯ ಫರಾಳ ತಿನ್ನುತ್ತ ಅವನು, “ಅಜ್ಜಾ, ಮಳೆಯಾಗ ಈ ಬ್ರೇಕು ಸರಿಯಾಗಿ ಹಿಡಿಯೂದಿಲ್ಲ. ಡಿಸ್ಕ್ ಬ್ರೇಕು ಹಾಕಿಸಬೇಕು, ರೊಕ್ಕ ಕೊಡ್ತೀಯೇನು?” ಎಂದು ಕೇಳಿದನು. ನಾನು ಕೊಡಲಿಲ್ಲ. ಕೊಡದಿದ್ದುದಷ್ಟೇ ಅಲ್ಲ, ಒಂದು ವ್ಯಾಖ್ಯಾನವನ್ನೂ ಮಾಡಿದೆನು: ಹಳೆಯದನ್ನು ಇದ್ದಂತೆ ಉಳಿಸಿಕೊಳ್ಳಬೇಕು, ಕಂಡ ಹೊಸದಕ್ಕೆಲ್ಲ ಕೈಚಾಚುವದು ಚಾಪಲ್ಯ, ನಿನ್ನ ಮಾವನು ಇದೇ ಬ್ರೇಕಿನಿಂದ ಐದು ವರ್ಷ ನಡೆಸಿದನು, ಇತ್ಯಾದಿ. ಹುಡುಗನು ಮರುಮಾತಾಡದೆ ಚಕ್ಕುಲಿ ತಿಂದನು. ಮಾಸ್ತರಿಕೆಯ ದೊಡ್ಡ ದೋಷವೆಂದರೆ ಎದುರಿನವನು ಸುಮ್ಮನಾದನೆಂದರೆ ಒಪ್ಪಿಕೊಂಡನೆಂದು ತಿಳಿಯುವದು.

2024ರ ಆಷಾಢದಲ್ಲಿ ಒಂದು ಸಂಜೆ, ಜಾಂಬೋಟಿಯ ಕಡೆಯಿಂದ ಬರುವ ದಾರಿಯ ಒಂದು ಇಳಿಜಾರಿನಲ್ಲಿ, ಸುರಿಯುವ ಮಳೆಯಲ್ಲಿ ಎದುರಿಗೆ ಎಮ್ಮೆಗಳು ಅಡ್ಡ ಬಂದವು. ಹುಡುಗನು ಎರಡೂ ಬ್ರೇಕುಗಳನ್ನು ಹಿಡಿದನು, ಸಾಯಕಲ್ಲು ನಿಲ್ಲಲಿಲ್ಲ. ಎಮ್ಮೆಯನ್ನು ತಪ್ಪಿಸಹೋಗಿ ಸಣ್ಣ ಸೇತುವೆಯ ಕಟ್ಟೆಗೆ ಹಾಯ್ದು ಕೆಳಗೆ ಬಿದ್ದನು. ಬಲಗಡೆಯ ಕೊರಳೆಲುಬು ಮುರಿಯಿತು. ಕಟ್ಟೆಯ ಆಚೆಗೆ ಹಳ್ಳವು ತುಂಬಿ ಹರಿಯುತ್ತಿತ್ತು. ಆತನು ಈಚೆಗೆ ಬಿದ್ದನು. ಆಚೆಗೂ ಈಚೆಗೂ ಒಂದು ಮೊಳದ ಅಂತರ. ಆ ಮೊಳವನ್ನು ನೆನೆದರೆ ನನಗೆ ಈಗಲೂ ರಾತ್ರಿ ಎಚ್ಚರಾಗುವದು. ಆಸ್ಪತ್ರೆಯಲ್ಲಿ ಮಲಗಿದವನು ನನ್ನನ್ನು ಕಂಡು ಅಂದ ಮಾತು ಇಷ್ಟೇ: “ನಾನು ಹಿಡದಿದ್ದೆ ಅಜ್ಜಾ, ಅದು ಹಿಡೀಲಿಲ್ಲ.” ಅದರಲ್ಲಿ ನಿಂದೆಯಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಬ್ರೇಕು ಏಕೆ ಹಿಡಿಯಲಿಲ್ಲ? ಇದನ್ನು ತಿಳಿಯಲು ಗಾಲಿಯ ಮೂರು ಅಂಗಗಳನ್ನು ನೆನಪಿಗೆ ತಂದುಕೊಳ್ಳಬೇಕು. ನಡುವಿನ ಗುಂಬಕ್ಕೆ ನಮ್ಮ ಹಿರಿಯರು ನಾಭಿಯೆಂದರು, ಕಡ್ಡಿಗಳಿಗೆ ಅರಗಳೆಂದರು, ಹೊರಗಿನ ಬಳೆಗೆ ನೇಮಿಯೆಂದರು. ಇವೇ ಅಂಗಡಿಯವರ ಹಬ್, ಸ್ಪೋಕು ಮತ್ತು ರಿಮ್ಮುಗಳು. ಹಳೆಯ ಸಾಯಕಲ್ಲಿನ ಬ್ರೇಕು ನೇಮಿಯನ್ನು ಹಿಡಿಯುವಂಥದು: ಎರಡು ರಬ್ಬರಿನ ಗಟ್ಟೆಗಳು ರಿಮ್ಮಿನ ಎರಡೂ ಮಗ್ಗುಲನ್ನು ಒತ್ತುವವು. ನಾನು ಸಣ್ಣವನಿದ್ದಾಗ ಘಾಟಿನ ಇಳಿಜಾರಿನಲ್ಲಿ ಬಂಡಿಯ ಗಾಲಿಯ ಕಬ್ಬಿಣ ಪಟ್ಟಿಗೆ ಕಟ್ಟಿಗೆಯ ತೊಲೆಯನ್ನು ಹಗ್ಗದಿಂದ ಜಗ್ಗಿ ಒತ್ತುತ್ತಿದ್ದರು, ತತ್ತ್ವವು ಅದೇ. ಒಣ ದಾರಿಯಲ್ಲಿ ಇದು ಒಳ್ಳೇ ಕೆಲಸ ಮಾಡುವದು. ಮೇಲಾಗಿ ನಮ್ಮ ಸಾಯಕಲ್ಲಿಗಿದ್ದದ್ದು ವೀ-ಬ್ರೇಕು. ಜಪಾನಿನ ಶಿಮಾನೋ ಕಂಪನಿಯು 1996ರಲ್ಲಿ ಇದನ್ನು ಹೊರಡಿಸಿದಾಗ ಬೆಟ್ಟದ ಸಾಯಕಲ್ಲುಗಳಿಗೆ ಅದೇ ದೊಡ್ಡ ಸುಧಾರಣೆಯಾಗಿತ್ತು. ಆದರೆ ನೇಮಿಯು ನೆಲಕ್ಕೆ ಸಮೀಪ. ಮಳೆಯಲ್ಲಿ ಅದರ ಮೇಲೆ ನೀರಿನ ಪೊರೆ ಕೂಡ್ರುವದು. ಗಾಲಿಯು ಕೆಲವು ಸುತ್ತು ತಿರುಗಿ ಗಟ್ಟೆಗಳು ಆ ನೀರನ್ನು ಒರೆಸಿದ ಮೇಲೆಯೇ ಹಿಡಿತ ಸುರುವಾಗುವದು. ಇಳಿಜಾರಿನಲ್ಲಿ ಆ ಕೆಲವು ಸುತ್ತುಗಳಲ್ಲಿ ಸಾಯಕಲ್ಲು ಹತ್ತಾರು ಮೊಳ ಮುಂದೆ ಹೋಗಿರುವದು. ಇನ್ನು ನಮ್ಮ ಕೆಂಪು ಮಣ್ಣಿನ ಕಣಗಳು ಗಟ್ಟೆಯಲ್ಲಿ ನಾಟಿಕೊಂಡು ಅರದಂತೆ ರಿಮ್ಮನ್ನು ತಿನ್ನುವವು. ನಮ್ಮ ಸಾಯಕಲ್ಲಿನ ಮುಂದಿನ ರಿಮ್ಮಿನ ಮಗ್ಗುಲು ಬಟ್ಟಲಿನಂತೆ ಒಳಬಾಗಿತ್ತು. ನಾನು ಎಂದೂ ನೋಡಿರಲಿಲ್ಲ.

ಡಿಸ್ಕ್ ಬ್ರೇಕೆಂದರೆ ನಾಭಿಯನ್ನು ಹಿಡಿಯುವಂಥದು. ನಾಭಿಗೆ ಒಂದು ತೆಳ್ಳಗಿನ ಉಕ್ಕಿನ ತಟ್ಟೆಯನ್ನು ಬಿಗಿದಿರುವರು. ಆ ತಟ್ಟೆಯನ್ನು ಇಕ್ಕಳದಂಥ ಒಂದು ಸಾಧನವು ಎರಡೂ ಕಡೆಯಿಂದ ಒತ್ತಿ ಹಿಡಿಯುವದು. ತಟ್ಟೆಯು ನೀರು ಕೆಸರುಗಳಿಂದ ಮೇಲೆ ಇರುವದರಿಂದಲೂ, ಸಣ್ಣ ಜಾಗದಲ್ಲಿ ಬಲವಾದ ಒತ್ತು ಬೀಳುವದರಿಂದಲೂ, ಮಳೆಯಲ್ಲಿಯೂ ಅದರ ಹಿಡಿತ ಹೆಚ್ಚು ಕೆಡುವದಿಲ್ಲ. ಇದು ನಿನ್ನೆ ಮೊನ್ನೆಯ ಕಲ್ಪನೆಯೂ ಅಲ್ಲ. ಇಂಗ್ಲಂಡದ ಫ್ರೆಡರಿಕ್ ಲ್ಯಾಂಚೆಸ್ಟರರು 1902ರಲ್ಲಿಯೇ ಮೋಟಾರು ಗಾಡಿಗಾಗಿ ಇದರ ಪೇಟೆಂಟು ಪಡೆದಿದ್ದರು. 1953ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಜಾಗ್ವಾರ್ ಗಾಡಿಯು ಇಂಥ ಬ್ರೇಕಿನಿಂದ ಗೆದ್ದ ಮೇಲೆ ಜಗತ್ತು ಕಣ್ದೆರೆದು ನೋಡಿತು.

ಕೈಯನ್ನು ಜೋಳಿಗೆಯಲ್ಲಿ ತೂಗಿಕೊಂಡು ನಮ್ಮ ಮನೆಯಲ್ಲಿ ಒಂದು ತಿಂಗಳು ಕುಳಿತ ಹುಡುಗನು ಇನ್ನೊಂದು ಕಥೆಯನ್ನು ಹೇಳಿದನು. ಅಮೇರಿಕೆಯ ಕ್ಯಾಲಿಫೋರ್ನಿಯದ ಕೆಲವು ತರುಣರು ತಮ್ಮ ಅಜ್ಜಂದಿರ ಕಾಲದ ದಪ್ಪ ಟೈರಿನ ಸಾಯಕಲ್ಲುಗಳನ್ನೇರಿ ಬೆಟ್ಟವನ್ನಿಳಿಯುವ ಪಂದ್ಯವನ್ನು 1976ರಲ್ಲಿ ಹೂಡಿದರು. ಆ ಸಾಯಕಲ್ಲುಗಳ ಬ್ರೇಕು ಹಿಂದಿನ ನಾಭಿಯೊಳಗಿತ್ತು. ಇಳಿಯುವಷ್ಟರಲ್ಲಿ ಅದು ಕಾಯ್ದು ಒಳಗಿನ ಗ್ರೀಸೆಲ್ಲ ಸುಟ್ಟು ಹೊಗೆಯಾಗುವದು. ಪ್ರತಿ ಸಾರಿ ಬಿಚ್ಚಿ ಮರಳಿ ಗ್ರೀಸು ತುಂಬಬೇಕಾಗುವದು. ಅದಕ್ಕಾಗಿ ಆ ಪಂದ್ಯಕ್ಕೆ ರಿಪ್ಯಾಕ್, ಅಂದರೆ ‘ಮರಳಿ ತುಂಬು’ ಎಂಬ ಹೆಸರೇ ಬಿದ್ದಿತು. ಅವರು ಬೇಸತ್ತು ಹಳೆಯ ಚೌಕಟ್ಟಿಗೆ ಹೊಸ ಬ್ರೇಕು, ಹೊಸ ಗೇರುಗಳನ್ನು ಜೋಡಿಸಿದರು. ಬೆಟ್ಟದ ಸಾಯಕಲ್ಲಿನ ಜಾತಿಯು ಹುಟ್ಟಿದ್ದೇ ಹೀಗೆ. “ನೋಡು ಅಜ್ಜಾ, ಹಳೇದಕ್ಕ ಹೊಸಾದು ಕೂಡಿಸೇ ಇದು ಹುಟ್ಟೇದ” ಎಂದು ಅವನ ವಾದ.

ಮಗಳ ಪಕ್ಷ ಬೇರೆ. “ಅಪ್ಪಾ, ಆ ಸಾಯಕಲ್ಲು ಗುಜರಿಗೆ ಹಾಕಿಬಿಡ್ರಿ. ನನ್ನ ಕಣ್ಣಿಗೆ ಬೀಳೂದು ಬ್ಯಾಡ” ಎಂದಳು. ತಾಯಿಯ ಮಾತನ್ನು ಅಲ್ಲಗಳೆಯಲು ನನಗೆ ಮುಖವಿರಲಿಲ್ಲ. ಆದರೆ ಹುಡುಗನು ಸಾಯಕಲ್ಲನ್ನು ಬಿಡುವವನಲ್ಲ, ಇದಿಲ್ಲದಿದ್ದರೆ ಗೆಳೆಯನದನ್ನೇರುವನು. ನನ್ನ ಒಳಮನಸ್ಸಿನ ಮಾತನ್ನೂ ಮುಚ್ಚಿಡಲಾರೆನು: ಆ ಸಾಯಕಲ್ಲು ಗುಜರಿಗೆ ಹೋದರೆ ನನ್ನ ತಪ್ಪೊಂದೇ ಮನೆಯಲ್ಲಿ ಉಳಿಯುವದೆಂದು ನನಗೆ ಅಂಜಿಕೆಯಾಯಿತು. ಅದನ್ನು ಸರಿಪಡಿಸಿದರೆ ತಪ್ಪೂ ಸರಿಹೋದಂತೆ ಎಂದು ಒಂದು ಭ್ರಮೆ. ಒಮ್ಮೆ ಕೊಡಲೊಲ್ಲದವನು ಈಗ ಹೇಗಾದರೂ ಬೇಗ ಕೊಟ್ಟುಬಿಡಬೇಕೆಂದು ಆತುರಪಟ್ಟೆನು. ಈ ಆತುರವೂ ಆ ಹಟದ ತಮ್ಮನೇ ಎಂದು ಆಗ ತಿಳಿಯಲಿಲ್ಲ.

ಮೊದಲು ನಮ್ಮೂರಿನಲ್ಲಿಯೇ ಬೆಸುಗೆ ಹಾಕುವವನೊಬ್ಬನ ಹತ್ತಿರ ಹೋದೆನು. ನಮ್ಮ ಚೌಕಟ್ಟಿಗೆ ಡಿಸ್ಕ್ ಬ್ರೇಕಿನ ಇಕ್ಕಳವನ್ನು ಕೂಡ್ರಿಸುವ ಕಿವಿಗಳಿರಲಿಲ್ಲ. ಹೊಸ ಚೌಕಟ್ಟುಗಳಲ್ಲಿ ಕಾರಖಾನೆಯವರೇ ಅವನ್ನು ಕೂಡಿಸಿರುವರು. ಆತನು ಗಾಲಿಯನ್ನು ತಿರುವಿ ನೋಡಿ, “ಅರ್ಧಾ ತಾಸಿನ ಕೆಲಸ ಐತ್ರಿ ಮಾಸ್ತರ. ಪಟ್ಟಿ ಇಟ್ಟು ನಾಕು ಟಾಕಾ ಹೊಡದರ ಮುಗೀತು, ನಿಮ್ಮ ಹಂತ್ಯಾಕ ಹೆಚ್ಚಿಗೆ ತಗೊಳ್ಳೂದಿಲ್ಲ” ಎಂದನು. ಮನುಷ್ಯನು ಪ್ರಾಮಾಣಿಕ; ಅವನ ಕೈಯ ಗೇಟುಗಳೂ ಕಿಡಕಿಯ ಸರಳುಗಳೂ ಊರೆಲ್ಲ ಗಟ್ಟಿಯಾಗಿ ನಿಂತಿವೆ. ನಾನು ಹಣ ಕೊಡಲು ಕಿಸೆಗೆ ಕೈಹಾಕಿದ್ದೆನು. ಅಷ್ಟರಲ್ಲಿ ಕರೆಂಟು ಹೋಯಿತು. ಖಾನಾಪುರದ ಮಳೆಗಾಲಕ್ಕೆ ನಾನು ಋಣಿಯಾದ ಪ್ರಸಂಗಗಳಲ್ಲಿ ಇದೊಂದು.

ಮರುವಾರ ಬೆಳಗಾವಿಯ ಸಾಯಕಲ್ ಅಂಗಡಿಯೊಂದರಲ್ಲಿ ವಿಚಾರಿಸಿದೆನು. ಅಂಗಡಿಯವರು, ಬೆಸುಗೆ ಬೇಡವಾದರೆ ಹಿಂದಿನ ಅಚ್ಚಿಗೂ ಚೌಕಟ್ಟಿನ ತುದಿಗೂ ತಿರುಪಿನಿಂದ ಬಿಗಿಯುವ ಜೋಡುಪಟ್ಟಿಗಳು ಸಿಕ್ಕುತ್ತವೆಂದೂ, ಆದರೆ ಅದನ್ನೆಲ್ಲ ಮಾಡುವ ಖರ್ಚಿನಲ್ಲಿ ಡಿಸ್ಕ್ ಬ್ರೇಕಿನ ಹೊಸ ಸಾಯಕಲ್ಲೇ ಬರುತ್ತದೆಂದೂ ಹೇಳಿದರು. ವ್ಯಾಪಾರದ ಮಾತೆಂದು ನಾನು ತಿಳಿದೆನು. ತರುವಾಯ ಲೆಕ್ಕ ಹಾಕಿದಾಗ ಅದು ಸತ್ಯದ ಮಾತೇ ಆಗಿತ್ತು.

ಅಲ್ಲಿಂದ ಉದ್ಯಮಬಾಗಕ್ಕೆ ಹೋದೆನು. ಬೆಳಗಾವಿಯ ಎರಕದ ಕಾರಖಾನೆಗಳೂ ಲೋಹ ಕೊರೆಯುವ ಯಂತ್ರಶಾಲೆಗಳೂ ಹೆಚ್ಚಾಗಿರುವದು ಅಲ್ಲಿ. ಅಂಥ ಒಂದು ಯಂತ್ರಶಾಲೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮೇಲ್ವಿಚಾರಕನಾಗಿರುವನು. ಸಂಸ್ಕೃತದಲ್ಲಿ ಅವನು ಎಂದೂ ಹಿಂದಿನ ಬಾಕು ಬಿಟ್ಟವನಲ್ಲ. ಆತನು ನನ್ನನ್ನು ಕುರ್ಚಿಯ ಮೇಲೆ ಕೂಡ್ರಿಸಿ, ಚಹಾ ತರಿಸಿ, ಸೀಮೆಸುಣ್ಣವನ್ನು ತೆಗೆದುಕೊಂಡು ನೆಲದ ಮೇಲೆ ಒಂದು ದೊಡ್ಡ ವರ್ತುಳವನ್ನೂ ಅದರೊಳಗೆ ಒಂದು ಚಿಕ್ಕ ವರ್ತುಳವನ್ನೂ ಬರೆದನು. “ಸರ, ಬ್ರೇಕು ಬರೇ ಹಿಡೀತೈತ್ರಿ. ಹಿಡದಾಗಿನ ಜೋರು ತಾಳಬೇಕಾದ್ದು ಚೌಕಟ್ಟು” ಎಂದು ಪಾಠವನ್ನು ಆರಂಭಿಸಿದನು.

ಅವನ ಲೆಕ್ಕವು ಹೀಗೆ. ಟೈರು ಸೇರಿ ಗಾಲಿಯ ತ್ರಿಜ್ಯವು ಸುಮಾರು 335 ಮಿಲಿಮೀಟರು. ಹಳೆಯ ಬ್ರೇಕು ರಿಮ್ಮನ್ನು ಹಿಡಿಯುವದು ಮಧ್ಯದಿಂದ ಸುಮಾರು 272 ಮಿಲಿಮೀಟರಿನ ಮೇಲೆ. 160 ಮಿಲಿಮೀಟರು ವ್ಯಾಸದ ತಟ್ಟೆಯನ್ನು ಇಕ್ಕಳವು ಹಿಡಿಯುವದು ಮಧ್ಯದಿಂದ ಸುಮಾರು 72 ಮಿಲಿಮೀಟರಿನ ಮೇಲೆ. ಸಾಯಕಲ್ಲನ್ನು ನಿಲ್ಲಿಸಲು ನೆಲದ ಹತ್ತಿರ 30 ಕಿಲೋ ತೂಕದಷ್ಟು ತಡೆ ಬೇಕೆನ್ನೋಣ. ರಿಮ್ಮಿನ ಬ್ರೇಕಿನ ಗಟ್ಟೆಗಳ ಮೇಲೆ ಆಗ ಬೀಳುವ ಜಗ್ಗು ಸುಮಾರು 37 ಕಿಲೋ. ಅದನ್ನು ಫೋರ್ಕಿನ ಎರಡೂ ಕಾಲುಗಳು ಮೇಲ್ಭಾಗದಲ್ಲಿ, ದಪ್ಪವಾದಲ್ಲಿ, ಹಂಚಿಕೊಂಡು ಹೊರುವವು. ಡಿಸ್ಕ್ ಬ್ರೇಕಿನ ಇಕ್ಕಳದ ಮೇಲೆ ಬೀಳುವ ಜಗ್ಗಾದರೋ ಸುಮಾರು 140 ಕಿಲೋ. ಅದೆಲ್ಲವನ್ನೂ ಎಡಗಾಲೊಂದೇ, ಅದೂ ತನ್ನ ಕೆಳತುದಿಯ ಹತ್ತಿರ, ತೆಳ್ಳಗಾದಲ್ಲಿ, ಹೊರಬೇಕು. ಡಿಸ್ಕಿಗಾಗಿಯೇ ಮಾಡಿದ ಫೋರ್ಕಿನಲ್ಲಿ ಆ ಕಾಲನ್ನು ಅದಕ್ಕೆ ತಕ್ಕಂತೆ ಬಲಪಡಿಸಿರುವರು. ಹಳೆಯ ಫೋರ್ಕಿನಲ್ಲಿ ಯಾರೂ ಬಲಪಡಿಸಿಲ್ಲ. ಏಕೆಂದರೆ ಅದನ್ನು ಮಾಡಿದವನಿಗೆ ಆ ಭಾರದ ಕಲ್ಪನೆಯೇ ಇರಲಿಲ್ಲ.

“ಬೆಸುಗೆ ಹಾಕಿದರೆ?” ಎಂದೆನು. ಚೌಕಟ್ಟಿನ ಕೊಳವೆಯ ಗೋಡೆಯು ಬಹು ತೆಳುವೆಂದೂ, ಗೇಟಿಗೆ ಹಾಕುವಂಥ ಬೆಸುಗೆಯ ಕಾವಿಗೆ ಅದು ತೂತಾದೀತು ಇಲ್ಲವೆ ಬೆಸುಗೆಯ ಬದಿಯಲ್ಲಿ ದುರ್ಬಲವಾದೀತೆಂದೂ, ಮೇಲೆ ಬಣ್ಣ ಹಚ್ಚಿದರೆ ಅದು ಕಾಣಲಾರದೆಂದೂ ಹೇಳಿದನು. ತಟ್ಟೆಯ ದಪ್ಪವು ಸುಮಾರು 1.8 ಮಿಲಿಮೀಟರು, ಅದಕ್ಕೂ ಇಕ್ಕಳದ ಗಟ್ಟೆಗೂ ನಡುವಿನ ಸಂದು ಕೂದಲೆಳೆಯ ಲೆಕ್ಕದ್ದು, ಕಿವಿಯು ತುಸು ಸೊಟ್ಟಾದರೂ ತಟ್ಟೆ ಉಜ್ಜುವದು. ನಮ್ಮದು ಉಕ್ಕಿನ ಚೌಕಟ್ಟಾದುದರಿಂದ ನುರಿತವನು ಮಾಡಬಹುದಾದರೂ ಮಾಡಿಯಾನು. ಅಲ್ಯುಮಿನಿಯಮ್ಮಿನದಾಗಿದ್ದರೆ ಬೆಸುಗೆಯ ಕಾವಿಗೆ ಅದರ ಹದವೇ ಹಾರಿಹೋಗುವದರಿಂದ ಆ ಮಾತನ್ನೇ ಎತ್ತಬಾರದು. “ಮತ್ತ ಸರ, ಅದು ಮನ್ಯಾಗ ನಿಂತಾಗ ಮುರಿಯೂದಿಲ್ರಿ. ಜೋರಾಗಿ ಬ್ರೇಕು ಹಿಡದಾಗ ಮುರೀತೈತಿ” ಎಂದನು. ನನಗೆ ಆ ಸೇತುವೆಯ ಕಟ್ಟೆ ಕಣ್ಣಿಗೆ ಕಟ್ಟಿತು. ಕರೆಂಟು ಹೋಗದಿದ್ದರೆ ನಾನು ಅದೇ ಹುಡುಗನನ್ನು, ಅದೇ ಇಳಿಜಾರಿಗೆ, ಹಿಡಿದ ಕ್ಷಣದಲ್ಲಿ ಮುರಿಯಬಹುದಾದ ಬ್ರೇಕನ್ನು ಕೊಟ್ಟು ಕಳಿಸುತ್ತಿದ್ದೆನು.

ರೈಲಿನಲ್ಲಿ ಖಾನಾಪುರಕ್ಕೆ ಮರಳುವಾಗ ನಾನು ಮೂವತ್ತೆರಡು ವರ್ಷ ಹುಡುಗರಿಗೆ ಕಲಿಸಿದ ಪಾಠವೇ ನೆನಪಿಗೆ ಬಂದಿತು. ಸಂಧಿಯಲ್ಲಿ ಆಗಮವೆಂದೂ ಆದೇಶವೆಂದೂ ಎರಡು ಬಗೆಗಳುಂಟಷ್ಟೆ. ‘ಮನೆ’ಗೆ ‘ಅನ್ನು’ ಕೂಡಿ ‘ಮನೆಯನ್ನು’ ಆಗುವಾಗ ಯಕಾರವೊಂದು ನಡುವೆ ಬಂದು ಕೂಡ್ರುವದು. ಮನೆಗೂ ಅನ್ನುವಿಗೂ ಕೇಡಿಲ್ಲ. ಅದು ಆಗಮ. ‘ಮಳೆ’ಗೆ ‘ಕಾಲ’ ಕೂಡಿ ‘ಮಳೆಗಾಲ’ ಆಗುವಾಗ ಕಕಾರವು ಹೋಗಿ ಗಕಾರವು ಅದರ ಗಾದಿಯನ್ನೇರುವದು. ಅದು ಆದೇಶ. ವೈಯಾಕರಣರು ಆಗಮವನ್ನು ಮಿತ್ರನಿಗೂ ಆದೇಶವನ್ನು ಶತ್ರುವಿಗೂ ಹೋಲಿಸುವದು ರೂಢಿ: ಮಿತ್ರನು ಬಂದು ಮಗ್ಗುಲಲ್ಲಿ ಕುಳಿತುಕೊಳ್ಳುವನು, ಶತ್ರುವು ಇದ್ದವನನ್ನು ಎಬ್ಬಿಸಿ ತಾನು ಕುಳಿತುಕೊಳ್ಳುವನು. ಡಿಸ್ಕ್ ಬ್ರೇಕು ಒಂದು ಆಗಮವೆಂದು ನಾನೂ ಹುಡುಗನೂ ಬೆಸುಗೆಯವನೂ ತಿಳಿದಿದ್ದೆವು. ಹಳೆಯ ಸಾಯಕಲ್ಲು ಹಾಗೆಯೇ ಇರುವದು, ಅದರ ಮಗ್ಗುಲಿಗೆ ಹೊಸ ಬ್ರೇಕೊಂದು ಬಂದು ಕೂಡ್ರುವದು. ನಿಜವಾಗಿ ನೋಡಿದರೆ ಅದು ಆದೇಶ. ತಟ್ಟೆಯನ್ನು ಬಿಗಿಯಲು ಅದಕ್ಕಾಗಿಯೇ ಮಾಡಿದ ನಾಭಿ ಬೇಕಾದುದರಿಂದ ಹಳೆಯ ನಾಭಿ ಏಳಬೇಕು. ನಾಭಿ ಎದ್ದರೆ ಗಾಲಿಯನ್ನೇ ಹೊಸದಾಗಿ ಹೆಣೆಯಬೇಕು. ಇಕ್ಕಳಕ್ಕಾಗಿ ಹಳೆಯ ಫೋರ್ಕು ಏಳಬೇಕು. ಆದೇಶವನ್ನು ಆಗಮವೆಂದು ಭ್ರಮಿಸಿ ಬರೆದರೆ ಹುಡುಗರ ಉತ್ತರಪತ್ರಿಕೆಯಲ್ಲಿ ಒಂದು ಅಂಕ ಹೋಗುವದು. ಇಲ್ಲಿ ಹೋಗುವದು ಬೇರೆಯದೇ.

ಮೇಲಾಗಿ ಆಗಮಕ್ಕೂ ಶಾಸ್ತ್ರವುಂಟು. ಬರುವ ಅಕ್ಷರವು ಮನಬಂದಲ್ಲಿ ಕೂಡ್ರಲಾರದು. ಆಗಮದಲ್ಲಿ ಟಕಾರವು ಇತ್ತಾಗಿದ್ದರೆ ಮೊದಲಿಗೆ, ಕಕಾರವು ಇತ್ತಾಗಿದ್ದರೆ ಕೊನೆಗೆ ಎಂದು ಪಾಣಿನಿಯು ಜಾಗವನ್ನು ಗೊತ್ತುಮಾಡಿರುವನು. ಚೌಕಟ್ಟಿನ ಮೇಲಿನ ಆ ಕಿವಿಗಳೂ ಅಂಥ ಗುರುತೇ: ‘ಇಲ್ಲಿ ಭಾರವನ್ನು ಇಡು, ಇಲ್ಲಿ ನಾನು ಹೊರಲು ಸಿದ್ಧನಾಗಿರುವೆನು’ ಎಂದು ಮಾಡಿದವನು ಹೇಳಿದ ಮಾತು. ಗುರುತಿಲ್ಲದಲ್ಲಿ ಇಟ್ಟರೆ ಆ ಭಾರವು ಯಾವ ಸಂದಿಗೆ ಹೋಗಿ ತಗಲುವದೆಂದು ಇಟ್ಟವನಿಗೂ ಗೊತ್ತಿರುವದಿಲ್ಲ. ಕ್ಯಾಲಿಫೋರ್ನಿಯದ ಆ ತರುಣರ ಕಥೆಗೂ ಒಂದು ಉತ್ತರಾರ್ಧವಿದೆಯೆಂದು ಆಮೇಲೆ ತಿಳಿಯಿತು. ಹಳೆಯ ಚೌಕಟ್ಟುಗಳು ಆ ಪೆಟ್ಟುಗಳನ್ನು ತಾಳದಾದಾಗ ಅವರಲ್ಲಿಯ ಜೋ ಬ್ರೀಜ್ ಎಂಬವರು 1977ರಲ್ಲಿ ಬೆಟ್ಟವಿಳಿಯುವದಕ್ಕಾಗಿಯೇ ಹೊಸ ಚೌಕಟ್ಟನ್ನು ಕಟ್ಟಿದರು. ಕೂಡಿಸುವದರಿಂದ ಹುಟ್ಟಿದ್ದು ನಿಜ. ಕೂಡಿಸುವದಕ್ಕೆ ಒಂದು ಮೇರೆಯಿದ್ದದ್ದೂ ನಿಜ.

ಹಾಗಾದರೆ ನಾವು ಮಾಡಿದ್ದೇನು? ಹಳೆಯ ವಿದ್ಯಾರ್ಥಿಯೇ ದಾರಿಯನ್ನು ತೋರಿಸಿದನು. ಜೋರಾಗಿ ಬ್ರೇಕು ಹಿಡಿದಾಗ ಏರಿದವನ ಭಾರವು ಮುಂದಕ್ಕೆ ವಾಲುವದರಿಂದ ಹಿಂಗಾಲಿ ಹಗುರಾಗುವದು. ನಿಲ್ಲಿಸುವ ಕೆಲಸದ ಬಹುಭಾಗವನ್ನು ಮುಂಗಾಲಿಯೇ ಮಾಡುವದು. ಆದುದರಿಂದ ಹಿಂದಿನ ಚೌಕಟ್ಟಿಗೆ ಕೈಹಚ್ಚದೆ, ಅಲ್ಲಿ ಹಳೆಯ ವೀ-ಬ್ರೇಕನ್ನೇ ಹೊಸ ಗಟ್ಟೆ, ಹೊಸ ತಂತಿಗಳೊಡನೆ ಇಟ್ಟುಕೊಂಡು, ಮುಂದೆ ಮಾತ್ರ ಡಿಸ್ಕಿಗೆಂದೇ ಮಾಡಿದ ಫೋರ್ಕನ್ನೂ ಹೊಸ ನಾಭಿಯ ಗಾಲಿಯನ್ನೂ ಹಾಕುವದು. ಇದೂ ಸರಳವಾಗಲಿಲ್ಲ. ಹಳೆಯ ಫೋರ್ಕಿನ ಕುತ್ತಿಗೆಗೆ ತಿರುಪಿನ ಆಟೆಯಿತ್ತು, ಹೊಸದಕ್ಕಿರಲಿಲ್ಲ; ಆದುದರಿಂದ ಕುತ್ತಿಗೆಯ ಗುಂಡುಗಳ ಬಟ್ಟಲುಗಳೂ ಹ್ಯಾಂಡಲನ್ನು ಹಿಡಿಯುವ ಕೊರಳೂ ಬದಲಾದವು. ಫೋರ್ಕು 20 ಮಿಲಿಮೀಟರು ಎತ್ತರವಾದರೆ ಅದರ ಓರೆಯು ಸುಮಾರು ಒಂದು ಅಂಶದಷ್ಟು ಬದಲಾಗಿ ತಿರುಗುವ ಹದವೇ ಕೆಡುವದೆಂದು, ಹಳೆಯದರಷ್ಟೇ ಉದ್ದದ್ದನ್ನು ಹುಡುಕುವದರಲ್ಲಿ ಎರಡು ತಿಂಗಳು ಹೋದವು. ನಾಭಿಯನ್ನು ಹಿಡಿದ ಜೋರು ನೇಮಿಗೆ ಮುಟ್ಟಬೇಕಾದದ್ದು ಅರಗಳ ಮೂಲಕ. ನಾಭಿಯಿಂದ ನೇರವಾಗಿ ಹೊರಟ ಅರಗಳು ಆ ತಿರುಚನ್ನು ತಾಳಲಾರವೆಂದು, ಒಂದನ್ನೊಂದು ಅಡ್ಡಹಾಯುವಂತೆ ಹೆಣೆಯಿಸಿದೆವು. ಬ್ರೇಕಿನ ಇಕ್ಕಳವು ಅಚ್ಚನ್ನು ಕೆಳಕ್ಕೆ ದಬ್ಬುವ ಸ್ವಭಾವದ್ದಾದುದರಿಂದ ಅಚ್ಚಿನ ಬಿಗಿತವನ್ನು ಏರುವ ಮುನ್ನ ಪ್ರತಿದಿನ ನೋಡಬೇಕೆಂಬ ಕಟ್ಟಳೆಯನ್ನೂ ಮಾಡಿದೆವು. ತಂತಿಯಿಂದ ನಡೆಯುವ, ವೀ-ಬ್ರೇಕಿನ ಹಿಡಿಕೆಗೆ ಹೊಂದುವ ಇಕ್ಕಳವೇ ಸಿಕ್ಕಿದುದರಿಂದ ಹಿಡಿಕೆಯೊಂದು ಮಾತ್ರ ಹಳೆಯದೇ ಉಳಿಯಿತು. ಮುಂದಿನ ಅರ್ಧದಲ್ಲಿ ನಿಜವಾದ ಆಗಮವು ಅದೊಂದೇ. ಒಟ್ಟು ಖರ್ಚು 2003ರಲ್ಲಿ ಇಡೀ ಸಾಯಕಲ್ಲಿಗೆ ಕೊಟ್ಟುದರ ಎರಡು ಪಟ್ಟಿಗೂ ಹೆಚ್ಚಾಯಿತು. ಮಿತವ್ಯಯದ ದೃಷ್ಟಿಯಿಂದ ಇದನ್ನು ಯಾರೂ ಅನುಸರಿಸಬಾರದು. ಅಂಗಡಿಯವರು ಹೇಳಿದಂತೆ ಹೊಸದನ್ನು ಕೊಳ್ಳುವದೇ ಜಾಣತನ.

2025ರ ಸಂಕ್ರಾಂತಿಯ ಹೊತ್ತಿಗೆ ಸಾಯಕಲ್ಲು ಸಿದ್ಧವಾಯಿತು. ಹೊಸ ತಟ್ಟೆ ಗಟ್ಟೆಗಳು ಒಂದಕ್ಕೊಂದು ಹೊಂದಿಕೊಳ್ಳಲು ಹತ್ತಿಪ್ಪತ್ತು ಸಾರಿ ವೇಗದಿಂದ ಬಂದು ಮೆಲ್ಲನೆ ಹಿಡಿಯಬೇಕು. ಹುಡುಗನು ಒಣ ದಾರಿಯಲ್ಲಿ ಅದನ್ನು ಶ್ರದ್ಧೆಯಿಂದ ಮಾಡಿದನು. ಮಿರಗದ ಮುನ್ನಾದಿನ ನಮ್ಮ ಮನೆಯಾಕೆ ಮಳೆಗಾಲದ ಪದ್ಧತಿಯಂತೆ ಈಳಿಗೆ, ಹಂಚು, ಕೀಲಿಗಳಿಗೆಲ್ಲ ಕೊಬ್ಬರಿ ಎಣ್ಣೆ ಹಚ್ಚುತ್ತ ಬಂದು, ಹೊಳೆಯುವ ಆ ತಟ್ಟೆಗೂ ಅರಿವೆಯನ್ನು ಚಾಚಿದಳು. ಹುಡುಗನು ಚೀರಿಕೊಂಡು ಓಡಿಬಂದನು. ತಟ್ಟೆಗೆ ಎಣ್ಣೆ ತಾಗಿದರೆ ಗಟ್ಟೆಗಳು ಅದನ್ನು ಹೀರಿ ಹಿಡಿತವನ್ನೇ ಕಳೆದುಕೊಳ್ಳುವವು. “ಮಳಿಗಾಲದಾಗ ಕಬ್ಬಿಣಕ್ಕ ಎಣ್ಣಿ ಹಚ್ಚಬಾರದಂದ್ರ ಇದೆಂಥಾ ಶಾಸ್ತ್ರೋ!” ಎಂದು ಆಕೆ ಗೊಣಗಿದಳು. ನಾನು ನಗಲಿಲ್ಲ. ಹಳೆಯ ಒಳ್ಳೇ ರೂಢಿಯೂ ಹೊಸ ಜಾಗದಲ್ಲಿ ಅಪಾಯವಾಗಬಲ್ಲದೆಂಬದನ್ನು ಆ ಮನೆಯಲ್ಲಿ ಮೊದಲು ಕಲಿಯಬೇಕಾದವನು ನಾನಾಗಿದ್ದೆನು.

ಆರಿದ್ರೆಯ ಮಳೆ ಹಿಡಿದ ಒಂದು ಮುಂಜಾವಿನಲ್ಲಿ ನಾವಿಬ್ಬರೂ ಆ ಇಳಿಜಾರಿಗೆ ಹೋದೆವು. ನಾನು ಬಾಡಿಗೆಯ ರಿಕ್ಷಾದಲ್ಲಿ, ಅವನು ಸಾಯಕಲ್ಲಿನ ಮೇಲೆ. ಮಗಳಿಗೆ ಹೇಳಿರಲಿಲ್ಲ. ಆ ಸೇತುವೆಯ ಹತ್ತಿರ ಕೊಡೆ ಹಿಡಿದುಕೊಂಡು ನಿಂತೆನು. ಹುಡುಗನು ಮೇಲಿನಿಂದ ಕೆಂಪು ನೀರನ್ನು ಹಾರಿಸುತ್ತ ಬಂದನು, ನಾನು ಕೊಡೆಯನ್ನೆತ್ತಿದೆನು, ಅವನು ಹಿಡಿದನು. ಸಾಯಕಲ್ಲು ಕಿರ್ರೆಂದು ಒಮ್ಮೆ ಕೂಗಿ, ನನ್ನಿಂದ ನಾಲ್ಕು ಮಾರು ಆಚೆಗೇ ನಿಂತಿತು. ಮೂರು ಸಾರಿ ಹಾಗೆಯೇ ಮಾಡಿಸಿದೆನು. ಮೂರನೆಯ ಸಾರಿ ಅವನು ನಗುತ್ತಿದ್ದನು. ನನಗೆ ಆ ಕಟ್ಟೆಯ ಆಚೆಯ ಹಳ್ಳವನ್ನು ನೋಡುವ ಧೈರ್ಯ ಆಗಲೇ ಬಂದದ್ದು.

ಇದರಿಂದ ನನ್ನ ತಪ್ಪು ತೀರಿತೆಂದು ನಾನು ಹೇಳಲಾರೆನು. ಅವನು ಕೇಳಿದಾಗ ನಾನು ಗಾಲಿಯನ್ನಾದರೂ ತಿರುವಿ ನೋಡಿದ್ದರೆ, ಸವೆದ ಆ ರಿಮ್ಮು ಕಣ್ಣಿಗೆ ಬೀಳುತ್ತಿತ್ತು. ಬರೇ ಹೊಸ ರಿಮ್ಮು, ಹೊಸ ಗಟ್ಟೆಗಳಿಂದಲೇ ಆ ಸಂಜೆಯ ಅಪಘಾತವು ತಪ್ಪಿದ್ದರೂ ತಪ್ಪುತ್ತಿತ್ತು. ನಾನು ಸಾಯಕಲ್ಲನ್ನು ನೋಡದೆ ಹಳೆಯದು ಹೊಸದು ಎಂಬ ಶಬ್ದಗಳನ್ನು ಮಾತ್ರ ನೋಡಿದೆನು. ಬೆಸುಗೆಗೆ ಒಯ್ದಾಗಲೂ ಮಾಡಿದ್ದು ಅದನ್ನೇ. ಮನೆಯಲ್ಲಿ ಹಳೆಯ ಸಾಯಕಲ್ಲಿದ್ದು, ಅದನ್ನೇರುವ ಮಕ್ಕಳಿದ್ದ ವಾಚಕರು, ಈ ಲೇಖವನ್ನು ಬದಿಗಿಟ್ಟ ಕೂಡಲೆ ಎದ್ದುಹೋಗಿ ಅದರ ರಿಮ್ಮಿನ ಮಗ್ಗುಲ ಮೇಲೆ ಬೆರಳಾಡಿಸಲಿ. ಬಟ್ಟಲಿನಂತೆ ಕುಳಿಬಿದ್ದಿದ್ದರೆ ಈ ವಾರವೇ ಬದಲಿಸಲಿ. ಗಟ್ಟೆಯಲ್ಲಿ ಮಣ್ಣಿನ ಕಣಗಳು ನಾಟಿದ್ದರೆ ತೆಗೆಯಲಿ. ಹೊಸ ಬ್ರೇಕನ್ನು ಕೂಡಿಸುವದೇ ಆದರೆ, ಬ್ರೇಕಿನ ಬೆಲೆಯನ್ನು ಕೇಳುವದಕ್ಕಿಂತ ಮೊದಲು ಚೌಕಟ್ಟಿಗೆ ಕಿವಿಗಳಿವೆಯೇ ಎಂದು ನೋಡಲಿ. ಇಷ್ಟನ್ನು ಬಿನ್ನವಿಸಿ ಅಪ್ಪಣೆಯನ್ನು ಬೇಡುವೆನು. ಹೊರಗೆ ಮಳೆ ಹನಿಯುತ್ತಿದೆ, ಶನಿವಾರವಿದೆ, ಬಾಗಿಲಲ್ಲಿ ಗಂಟೆಯ ಸಪ್ಪಳ ಕೇಳಿಸಿತು.